ಹಳೆಮನೆಗೆ ದೀಪ ಹಚ್ಚಲು ಬರುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಕೆಲಸ ಬಿಟ್ಟೋ ಬಿಡದೆಯೋ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಹಳೆಮನೆಗಳನ್ನು ದುರಸ್ತಿ ಮಾಡಿಸಿ ನೆಲೆಸಲು ಬರುತ್ತಿರುವ ಮಾನ್ಯರೇ,



ನೀವು ಬರುತ್ತಿರುವುದು ಊರಿಗೆ ಸಂತೋಷದ ಸುದ್ದಿ. ಮುಂದಿನ ಕೆಲವು ಮಾತು ಸ್ವಲ್ಪ ಬಿರುಸಾಗಿ ಕೇಳಿಸಬಹುದಾದ್ದರಿಂದ ಇದನ್ನು ಮೊದಲೇ ಹೇಳಿಬಿಡಬೇಕು. ಗುಬ್ಬಿ ತಾಲ್ಲೂಕಿನ ನಿಟ್ಟೂರು, ಕಡಬ, ಚೇಳೂರು, ಹಾಗಲವಾಡಿ ಕಡೆಗೆ ಹೋಗಿ, ಇಲ್ಲವೇ ಕುಣಿಗಲ್ ತಾಲ್ಲೂಕಿನ ಅಮೃತೂರು, ಹುಲಿಯೂರುದುರ್ಗದ ಕಡೆಗೆ ಹೋಗಿ. ಬೀಗ ಹಾಕಿಕೊಂಡು ನಿಂತ ಮನೆಗಳು ಬೀದಿ ಬೀದಿಯಲ್ಲೂ ಸಿಗುತ್ತವೆ. ಹಿರಿಯರು ತೀರಿಕೊಂಡರು, ಮಕ್ಕಳು ಕಾರ್ಖಾನೆ ಕೆಲಸಕ್ಕೆಂದು ಪೀಣ್ಯಕ್ಕೋ ವಸಂತನರಸಾಪುರಕ್ಕೋ ಹೋದರು, ಮೊಮ್ಮಕ್ಕಳು ಇನ್ನೂ ದೂರ. ಸೂರಿನ ಒಂದು ಹೆಂಚು ಒಡೆದರೆ ಸಾಕು, ಒಂದೆರಡು ಮಳೆಗಾಲದಲ್ಲಿ ರೀಪು ಕೊಳೆಯುತ್ತದೆ, ಅದರ ಮುಂದಿನ ಮಳೆಗೆ ಗೋಡೆ ಕರಗಲು ಶುರುವಾಗುತ್ತದೆ. ಹಾಗೆ ಕರಗುತ್ತಿದ್ದ ಮನೆಗೆ ದೀಪ ಹಚ್ಚಲು ಯಾರೋ ಬಂದರು ಎಂದರೆ ಪಕ್ಕದ ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಗೂ ಧೈರ್ಯ.

ಈಗಲೇ ಯಾಕೆ ಇಷ್ಟು ಜನ ಬರುತ್ತಿದ್ದಾರೆ ಎಂಬುದಕ್ಕೆ ಕಾರಣಗಳು ಎದುರಿಗೇ ಇವೆ. ತುಮಕೂರು ಬೆಂಗಳೂರಿನಿಂದ 70 ಕಿಲೋಮೀಟರ್, ಕುಣಿಗಲ್ಲೂ ಹೆಚ್ಚು ಕಡಿಮೆ ಅಷ್ಟೇ. ಗುಬ್ಬಿ ತುಮಕೂರಿನಿಂದ ಇನ್ನೊಂದು 20. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಶುರುವಾದ ಮೇಲೆ ಕುಣಿಗಲ್‌ಗೆ ರೈಲಿನ ಸಿಳ್ಳೆ ಕೇಳಿಸಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು, ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಮನೆಯಿಂದಲೇ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸವಂತೂ ಕೊರೊನಾ ಕಾಲದಿಂದ ಮನೆಮಾತಾಗಿದೆ. ಹೀಗೆ ತಾತನ ಮನೆಯ ಬೀಗ ತೆಗೆಯಲು ಬಂದವರೂ ಇದ್ದಾರೆ, ಯಾರದೋ ತಾತನ ಮನೆಯನ್ನು ದುಡ್ಡು ಕೊಟ್ಟು ಕೊಂಡವರೂ ಇದ್ದಾರೆ. ಈ ಪತ್ರ ಇಬ್ಬರಿಗೂ ಸೇರಿದ್ದು.

ಇದನ್ನು ಬರೆಯುತ್ತಿರುವವ ಗುಬ್ಬಿ ಸೀಮೆಯವನು, ಈಗ ತುಮಕೂರಿನ ನಿವಾಸಿ. ದುರಸ್ತಿಯಾಗುತ್ತಿರುವ ಮನೆಯೆಂದರೆ ನಿಂತು ನೋಡುವ, ಮೇಸ್ತ್ರಿಗಳನ್ನು ಮಾತಾಡಿಸುವ ಅಭ್ಯಾಸ ಹಳೆಯದು. ಹಾಗೆ ನೋಡಿದ್ದರಲ್ಲಿ ಚೆನ್ನಾಗಿ ಉಳಿದ ಮನೆಗಳಿವೆ, ಲಕ್ಷಾಂತರ ಸುರಿದ ಮೇಲೂ ಹಾಳಾದ ಮನೆಗಳಿವೆ. ಎರಡನ್ನೂ ನೋಡಿದ ಮೇಲೆ ಹುಟ್ಟಿದ ಕೋರಿಕೆ ಒಂದೇ: ನಿಮ್ಮ ಮನೆಯನ್ನು ಆ ಊರಿನವರೇ ಮತ್ತೊಮ್ಮೆ ದುರಸ್ತಿ ಮಾಡಬಲ್ಲ ಹಾಗೆ ದುರಸ್ತಿ ಮಾಡಿಸಿ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಮೊದಲಿಗೆ, ಸಾಧ್ಯವಿದ್ದರೆ ಒಂದು ಮಳೆಗಾಲ ಏನನ್ನೂ ಕೆಡವದೆ ಮನೆಯನ್ನು ನೋಡಿ. ತೀರಾ ಸೋರುವ ಕಡೆ ಟಾರ್ಪಾಲು ಹೊದಿಸಿ, ಬೀಳುವಂತಿರುವ ಗೋಡೆಗೆ ಆಸರೆ ಕೊಡಿ, ಅಷ್ಟು ಸಾಕು. ತುಮಕೂರು ಸೀಮೆಯಲ್ಲಿ ಜೋರು ಮಳೆ ಬರುವುದು ಮುಂಗಾರಿನ ಆರಂಭಕ್ಕಿಂತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಹಿಡಿದವೆಂದರೆ ಮನೆ ತನ್ನ ಕಾಯಿಲೆಗಳನ್ನೆಲ್ಲ ತಾನೇ ತೋರಿಸುತ್ತದೆ. ನೀರು ಯಾವ ಮೂಲೆಯಿಂದ ಇಳಿಯುತ್ತದೆ, ಬೀದಿಯ ನೀರು ಯಾವ ಗೋಡೆಯ ಬುಡಕ್ಕೆ ನುಗ್ಗುತ್ತದೆ, ಹಿತ್ತಿಲಲ್ಲಿ ಎಲ್ಲಿ ನಿಲ್ಲುತ್ತದೆ, ಇದನ್ನೆಲ್ಲ ಬೇಸಿಗೆಯಲ್ಲಿ ಬಂದು ಅಳತೆ ಹಿಡಿದು ಹೋದ ಇಂಜಿನಿಯರಿಗೆ ಗೊತ್ತಾಗಲು ದಾರಿಯಿಲ್ಲ. ಆಮೇಲೆ ಸಂಕ್ರಾಂತಿ ಕಳೆದು ಕೆಲಸ ಹಿಡಿದರೆ ಭರಣಿ ಮಳೆಗೆ ಮುಂಚೆ ಸೂರು ಮುಚ್ಚಿಕೊಳ್ಳಬಹುದು. ಏಪ್ರಿಲ್‌ನಲ್ಲಿ ಹೆಂಚು ಇಳಿಸಿ, ಮೇಸ್ತ್ರಿ ಮದುವೆ ಮನೆಗಳಿಗೆ ಹೋಗಿ ಬರುವಷ್ಟರಲ್ಲಿ ಮಳೆಗೆ ಸಿಕ್ಕಿ ಗೋಡೆ ಕುಸಿದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಇನ್ನು ಗೋಡೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹೆಚ್ಚು ಮನೆಗಳು ಕೆಡುವುದು ಇಲ್ಲೇ.

ನಮ್ಮ ಕಡೆಯ ಹಳೆಮನೆಗಳ ತಳಪಾಯ ಕಲ್ಲಿನದು, ಅದರ ಮೇಲೆ ಒಂದೂವರೆ ಅಡಿ, ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಕೆಲವು ಕಡೆ ಕಲಸಿದ ಮಣ್ಣನ್ನು ವರಸೆ ವರಸೆಯಾಗಿ ಇಟ್ಟು ಏರಿಸಿದ್ದು, ಕೆಲವು ಕಡೆ ಹಸಿ ಇಟ್ಟಿಗೆಯದು. ಮೇಲೆ ಮಣ್ಣಿನದೋ ಸುಣ್ಣದ್ದೋ ಗಾರೆ. ಇಂಥ ಗೋಡೆ ನೆಲದಿಂದ ಸ್ವಲ್ಪ ತೇವ ಹೀರುತ್ತದೆ, ಬಿಸಿಲು ಬಂದಾಗ ಅದನ್ನು ಬಿಟ್ಟುಬಿಡುತ್ತದೆ. ತಲೆಮಾರುಗಟ್ಟಲೆ ನಿಂತದ್ದು ಈ ಉಸಿರಾಟದಿಂದಲೇ. ಈಗ ಗಟ್ಟಿಯಾಗಲಿ ಎಂದು ಇದರ ಮೇಲೆ ಸಿಮೆಂಟ್ ಗಾರೆ ಬಳಿಯುತ್ತಾರೆ. ಮೊದಲ ಎರಡು ವರ್ಷ ಮನೆ ಹೊಸದರಂತೆ ಹೊಳೆಯುತ್ತದೆ. ನೆಲದ ತೇವ ಮಾತ್ರ ಮೊದಲಿನಂತೆಯೇ ಏರುತ್ತಿರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ.

ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ ಹೀಗೆ ಬಳಿದ ಗೋಡೆಯೊಂದನ್ನು ಮೇಸ್ತ್ರಿ ಕೈಯಿಂದ ತಟ್ಟಿ ತೋರಿಸಿದರು. ಡಬ್ ಡಬ್ ಎಂದು ಟೊಳ್ಳು ಸದ್ದು. ಕರಣೆಯ ತುದಿ ಹಾಕಿ ಮೀಟಿದೊಡನೆ ಬಾಗಿಲಿನಷ್ಟು ಅಗಲದ ಸಿಮೆಂಟಿನ ಹಪ್ಪಳ ಒಂದೇ ಸಲಕ್ಕೆ ಕಳಚಿತು. ಅದರ ಬೆನ್ನಿಗೆ ಬೆರಳು ದಪ್ಪದ ಹಸಿ ಮಣ್ಣು ಅಂಟಿಕೊಂಡು ಬಂದಿತ್ತು. ಒಳಗಿನ ಗೋಡೆ ಮುಟ್ಟಿದರೆ ಪುಡಿಪುಡಿ, ಮಂಡಿಯೆತ್ತರದವರೆಗೆ ಉಪ್ಪು ಬಿಳಿಚಿಕೊಂಡಿತ್ತು, ನಡುವೆ ಗೆದ್ದಲಿನ ದಾರಿ. ಅಜ್ಜನ ಕಾಲದಲ್ಲಿ ವರ್ಷಕ್ಕೊಮ್ಮೆ ಕೆಮ್ಮಣ್ಣು, ಸುಣ್ಣ ಕಂಡು ನೆಟ್ಟಗೆ ನಿಂತಿದ್ದ ಗೋಡೆ ಅದು.

ಸುಣ್ಣದ ಗಾರೆ ಈಗ ಯಾರಿಗೂ ಬರುವುದಿಲ್ಲ ಎಂದು ನಿಮಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹುಡುಕಿ ನೋಡಿ. ಎಪ್ಪತ್ತು ದಾಟಿದ, ಮೊಮ್ಮಕ್ಕಳ ಜೊತೆ ಜಗಲಿ ಮೇಲೆ ಕೂತಿರುವ ಒಬ್ಬ ಗಾರೆ ಕೆಲಸದವರು ಸುತ್ತಿನ ಹಳ್ಳಿಗಳಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತಾರೆ. ಕೆಲಸ ಕಠಿಣವಲ್ಲ, ತಾಳ್ಮೆಯದು. ಸುಟ್ಟ ಸುಣ್ಣಕ್ಕೆ ಗುಂಡಿಯಲ್ಲಿ ನೀರು ಬಿಟ್ಟರೆ ಅದು ಕೊತಕೊತ ಕುದಿದು ಅರಳುತ್ತದೆ. ಆ ಹೊತ್ತಿನಲ್ಲಿ ಮಕ್ಕಳನ್ನು ಹತ್ತಿರ ಬಿಡಬಾರದು, ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ. ಅರಳಿದ ಸುಣ್ಣವನ್ನು ವಾರಗಟ್ಟಲೆ ನೀರಿನಡಿ ಕಳಿಯಲು ಬಿಟ್ಟು, ಮರಳು, ಇಟ್ಟಿಗೆ ಪುಡಿ ಬೆರೆಸಿ ಅರೆಯಬೇಕು. ಬೆಲ್ಲದ ನೀರು, ಅಣಲೆಕಾಯಿ ನೆನೆಸಿದ ನೀರು ಹಾಕುವ ರೂಢಿಯೂ ಇದೆ. ಬಳಿದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಾ ನಿಧಾನವಾಗಿ ಕಲ್ಲಾಗುತ್ತದೆ. ಸಿಮೆಂಟು ಒಂದು ರಾತ್ರಿಯಲ್ಲಿ ಹಿಡಿಯುವುದನ್ನು ನೋಡಿದವರಿಗೆ ಇದು ಸಾಗದ ಕೆಲಸ ಎನಿಸುತ್ತದೆ. ಅವಸರ ಮಾಡಬೇಡಿ.

ಸಿಮೆಂಟು ಬೇಡವೇ ಬೇಡ ಎಂಬ ಹಟ ಈ ಪತ್ರದ್ದಲ್ಲ. ಬಚ್ಚಲಿಗೆ, ಪಾಯಿಖಾನೆಗೆ, ನೀರಿನ ತೊಟ್ಟಿಗೆ ಅದು ಬೇಕು. ಆದರೆ ಇವನ್ನು ಮಣ್ಣಿನ ಗೋಡೆಗೆ ಒತ್ತಿ ಕಟ್ಟಿಸಬೇಡಿ. ಹಿತ್ತಿಲ ಕಡೆ ಒಂದು ಬೇರೆ ಕೋಣೆ ಏರಿಸಿ, ನಡುವೆ ಒಂದು ಸಣ್ಣ ಹಾದಿ ಬಿಟ್ಟರೆ ಹಳೆಮನೆ ಒಣಗಿದಂತೆಯೇ ಇರುತ್ತದೆ. ನೀರಿನ ಪೈಪನ್ನು ಗೋಡೆ ಕೊರೆದು ಹೂಳಬೇಡಿ. ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣದಿದ್ದರೂ ಗೋಡೆಯ ಹೊರಗೇ ಹಾಯಿಸಿದರೆ ಸೋರಿದ ದಿನವೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟ್ ತಾರಸಿ ಹಾಕಿಸುವ ಮಾತಿಗೆ ಒಪ್ಪಬೇಡಿ. ಹೆಂಚಿನ ಸೂರು ಹೊರುವುದಕ್ಕೆಂದು ಎದ್ದ ಗೋಡೆ ಅದು.

ಹೆಂಚಿನ ಮಾತು ಬಂದಿದ್ದರಿಂದ ಒಂದು ವಿಷಯ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮುಂಚೆ ನಮ್ಮ ಕಡೆ ಇದ್ದದ್ದು ಕುಂಬಾರರ ಕೈಯ ನಾಡಹೆಂಚು, ಇಲ್ಲವೇ ಮಣ್ಣಿನ ಮಾಳಿಗೆ, ಇಲ್ಲವೇ ಹುಲ್ಲು. ನಿಮ್ಮ ಸೂರಿನಿಂದ ಹೆಂಚು ಇಳಿಸುವಾಗ ಒಂದನ್ನು ಮಗುಚಿ ನೋಡಿ, ಮಂಗಳೂರು ಹೆಂಚಾದರೆ ಮಾಡಿದ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಹೆಚ್ಚಿನವು ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ತೊಳೆದು, ತಟ್ಟಿ ನೋಡಿ, ಕಣಕಣ ಎಂದದ್ದನ್ನು ಮತ್ತೆ ಹೊದಿಸಿ. ಹಿಂದೆ ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವವರು ಬಂದು ಹೋಗುತ್ತಿದ್ದರು. ಆ ಒಂದು ದಿನದ ಕೂಲಿ ತಪ್ಪಿಸಿದ್ದಕ್ಕೇ ಎಷ್ಟೋ ಮನೆಗಳು ಬಿದ್ದವು. ನೀವು ಬಂದ ಮೇಲೆ ಆ ಕೆಲಸ ಮತ್ತೆ ಶುರುವಾಗಲಿ, ನಿಮ್ಮದೊಂದೇ ಮನೆಗೆ ಕರೆಸದೆ ಬೀದಿಯವರೆಲ್ಲ ಸೇರಿ ಕರೆಸಿದರೆ ಅವರಿಗೂ ದಾರಿಖರ್ಚು ಗಿಟ್ಟುತ್ತದೆ.

ತೊಟ್ಟಿಮನೆ ಸಿಕ್ಕಿದ್ದರೆ ನೀವು ಪುಣ್ಯವಂತರು. ಆ ತೊಟ್ಟಿಗೆ ಗಾಜು ಮುಚ್ಚಿಸಿ ಹಾಲ್ ಮಾಡಿಸಬೇಡಿ ಎಂದು ಕೈಮುಗಿದು ಕೇಳಬೇಕಿದೆ. ಮನೆಯ ಬೆಳಕು, ಗಾಳಿ ಎರಡೂ ಅಲ್ಲಿಂದಲೇ. ನೀರೂ ಕೂಡ. ನೂರು ಚದರ ಮೀಟರ್ ಸೂರಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 60 ಸಾವಿರ ಲೀಟರ್ ಆಗುತ್ತದೆ. ಚೆಲ್ಲಿದ್ದು ಇಂಗಿದ್ದು ಬಿಟ್ಟರೂ ಮುಕ್ಕಾಲು ಪಾಲು ಕೈಗೆ ಸಿಗುತ್ತದೆ. ಹಿಂದಿನವರು ತಗಡಿನ ದೋಣಿಯಿಂದ ಇಳಿಯುವ ನೀರಿಗೆ ಹಂಡೆ ಇಡುತ್ತಿದ್ದರು, ನೀವು ಒಂದು ಸಂಪು ತೋಡಿಸಿ. ಹೇಮಾವತಿ ನಾಲೆಯ ನೀರು ಗುಬ್ಬಿಗೆ ಎಷ್ಟು, ಕುಣಿಗಲ್‌ಗೆ ಎಷ್ಟು ಎಂದು ರೈತರು ಬೀದಿಗಿಳಿದ ಜಿಲ್ಲೆ ಇದು. ಇಲ್ಲಿ ಬಂದ ಕೂಡಲೇ ಹಿತ್ತಿಲಲ್ಲಿ ಕೊಳವೆ ಬಾವಿ ಕೊರೆಸುವ ಮುನ್ನ ಪಕ್ಕದವರ ಬಾವಿಯಲ್ಲಿ ನೀರೆಷ್ಟಿದೆ ಎಂದು ಒಂದು ಮಾತು ಕೇಳುವುದು ನ್ಯಾಯ.

ಕೇಳಿ ಮಾಡುವುದರ ವಿಷಯದಲ್ಲಿ ಕುಣಿಗಲ್ ತಾಲ್ಲೂಕಿಗೆ ಒಂದು ದೊಡ್ಡ ಚರಿತ್ರೆಯೇ ಇದೆ, ಹೊಸದಾಗಿ ಬಂದವರಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಅದರ ವಿಸ್ತರಣಾ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಹೊಗೆ ಕೊಳವೆಯ ‘ಅಸ್ತ್ರ ಒಲೆ’ ಈ ಕೇಂದ್ರದ ಕೆಲಸದಿಂದ ಹುಟ್ಟಿ ಕರ್ನಾಟಕದ ಹಳ್ಳಿಗಳಿಗೆ ಹರಡಿತು. ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಬ್ಲಾಕಿನ ಮೇಲೆ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ದುಡಿದದ್ದೂ ಅಸ್ತ್ರದಲ್ಲೇ. ಆ ಬ್ಲಾಕುಗಳಿಂದ ಇಂದು ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರಿದ್ದಾರೆ. ನಿಮ್ಮ ಹಳೆಮನೆಗೆ ಒಂದು ಹೊಸ ಕೋಣೆ ಸೇರಿಸಬೇಕಾಗಿ ಬಂದರೆ, ನಿಮ್ಮದೇ ಸಂಪು ತೋಡಿದ ಮಣ್ಣಿನಲ್ಲಿ ಅಂಥ ಬ್ಲಾಕು ಒತ್ತಿಸಬಹುದೇ ಎಂದು ತಿಳಿದವರಿಂದ ಮಣ್ಣು ಪರೀಕ್ಷೆ ಮಾಡಿಸಿ ನೋಡಿ.

ಉಂಗ್ರದಷ್ಟೇ ನೆನೆಯಬೇಕಾದ ಇನ್ನೊಂದು ಊರು ಅದೇ ತಾಲ್ಲೂಕಿನ ಪುರ. ಅಲ್ಲಿ ಅಸ್ತ್ರದ ವಿಜ್ಞಾನಿಗಳು ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು, ಅಡುಗೆಗೆ ಅನಿಲ ಕೊಡುವುದು ಮೊದಲ ಯೋಚನೆ. ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ, ಯೋಜನೆ ನಿಂತುಹೋಯಿತು. ಜನಕ್ಕೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಇಂಜಿನ್ ಓಡಿಸಿ, ಕರೆಂಟು ತೆಗೆದು, ಕೊಳವೆ ಬಾವಿಯಿಂದ ನೀರೆತ್ತಿ ಮನೆಮನೆಗೆ ನಲ್ಲಿ, ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕಂತೆ ಗೊಬ್ಬರ ವಾಪಸ್ಸು. ಆಗ ಊರೇ ಅದನ್ನು ನಡೆಸಿತು. ದೇಶದ ದೊಡ್ಡ ವಿಜ್ಞಾನ ಸಂಸ್ಥೆಯವರೇ ಮರಳಿ ಬಂದು ಊರಿನ ಮಾತು ಕೇಳಿದ್ದಾರೆಂದ ಮೇಲೆ, ನಿಮ್ಮ ವಾಸ್ತುಶಿಲ್ಪಿಯೂ ಪಕ್ಕದ ಮನೆಯ ಯಜಮಾನರ ಹತ್ತಿರ ಅರ್ಧ ಗಂಟೆ ಕೂತು ಕೇಳಬಹುದು.

ಕಂಬ, ಬಾಗಿಲುಗಳ ವಿಷಯದಲ್ಲಿ ಎಚ್ಚರ. ನೀವು ಮನೆಗೆ ಕೈಹಾಕಿದ ಸುದ್ದಿ ಹರಡಿದ ವಾರದಲ್ಲೇ ಹಳೆ ಮರ ಕೊಳ್ಳುವವರು ಬರುತ್ತಾರೆ. ಹಲಸಿನ ತೊಲೆ, ಹೊನ್ನೆ ಕಂಬ, ಬೋದಿಗೆ, ಕೆತ್ತನೆಯ ದಾರಂದ, ಎಲ್ಲಕ್ಕೂ ಬೆಲೆ ಹೇಳುತ್ತಾರೆ. ಅವು ಹೋಗುವುದು ರೆಸಾರ್ಟುಗಳಿಗೆ, ನಗರದ ಶೋಕಿ ಅಂಗಡಿಗಳಿಗೆ. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲು ಸಿದ್ಧವಾಗಿದ್ದ ಹಳೆಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ್ದನ್ನು ಎಲ್ಲರೂ ಹೊಗಳಬೇಕು. ಬೇರೆ ದಾರಿಯೇ ಇರದಿದ್ದಾಗ ಅವರು ಮಾಡಿದ ದೊಡ್ಡ ಕೆಲಸ ಅದು. ನಿಮಗೆ ಬೇರೆ ದಾರಿ ಇದೆ. ಮನೆ ಅದೇ ಬೀದಿಯಲ್ಲಿ, ಅದೇ ಕಂಬದ ಮೇಲೆ, ಒಳಗೆ ಅನ್ನ ಬೇಯುತ್ತಾ ನಿಂತಿರುವಂತೆ ಮಾಡುವುದು ನಿಮ್ಮ ಕೈಯಲ್ಲೇ ಇದೆ.

ಹಿತ್ತಿಲನ್ನೂ ಅಷ್ಟೇ ಜೋಪಾನವಾಗಿ ನೋಡಿ. ಜೆಸಿಬಿ ಕರೆಸಿ ಒಂದು ಬೆಳಗ್ಗೆ ಸಪಾಟು ಮಾಡಿಸಿಬಿಡುವವರಿಗೆ ಚೇಳೂರಿನ ಒಂದು ಹಲಸಿನ ಮರದ ಕಥೆ ಹೇಳಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರು ಅವರ ತಂದೆ ನೆಟ್ಟ ಮರ ಇಟ್ಟುಕೊಂಡಿದ್ದರು. ತುಮಕೂರಿನ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದರ ಹಣ್ಣು ಪರೀಕ್ಷಿಸಿದರು. ತೊಳೆ ತಾಮ್ರದ ಕೆಂಪು, ಕಾಯಿ ಸಣ್ಣದು, ಪೌಷ್ಟಿಕಾಂಶ ಹೆಚ್ಚು. ಮರ ನೆಟ್ಟ ತಂದೆಯ ನೆನಪಿಗೆ ‘ಸಿದ್ದು’ ಎಂದು ಹೆಸರಾಗಿ, ಆ ಒಂದೇ ಮರದ ಕಸಿ ಗಿಡಗಳು ಇಂದು ಎಷ್ಟೋ ತೋಟಗಳಿಗೆ ಹೋಗಿವೆ. ನಿಮ್ಮ ಹಿತ್ತಿಲ ಮರದ ಹಣ್ಣನ್ನು ಒಂದು ಸುಗ್ಗಿಯಾದರೂ ತಿಂದು ನೋಡಿದ ಮೇಲೆ ಕೊಡಲಿಯ ಮಾತು ಎತ್ತಿ.

ಮನೆಯ ಕೆಲಸ ಒಂದು ಕಡೆಯಾದರೆ ಊರಿನಲ್ಲಿ ನೆಲೆಯಾಗುವುದು ಇನ್ನೊಂದು. ಹೊರದೇಶಗಳಲ್ಲೂ ಇದೇ ಅನುಭವ. ಪೀಟರ್ ಮೇಲ್ ಎಂಬ ಇಂಗ್ಲಿಷ್ ಲೇಖಕರು ಹೆಂಡತಿಯೊಂದಿಗೆ ಫ್ರಾನ್ಸಿನ ದಕ್ಷಿಣದ ಮೆನೆರ್ಬ್ ಎಂಬ ಹಳ್ಳಿಯ ಬಳಿ ಹಳೆಯ ತೋಟದ ಮನೆ ಕೊಂಡು ದುರಸ್ತಿಗೆ ಹಿಡಿದರು. 1989ರಲ್ಲಿ ಅವರು ಬರೆದ ‘ಎ ಇಯರ್ ಇನ್ ಪ್ರೊವೆನ್ಸ್’ ಲೋಕವೆಲ್ಲ ಓದಿದ ಪುಸ್ತಕ. ವರ್ಷದ ಆರಂಭದಲ್ಲಿ ಶುರುವಾದ ದುರಸ್ತಿ ಕೆಲಸ ವರ್ಷವಿಡೀ ಎಳೆದಾಡುತ್ತದೆ, ಮೇಸ್ತ್ರಿಗಳು ಬರುತ್ತಾರೆ, ಮಾಯವಾಗುತ್ತಾರೆ. ಕೊನೆಗೆ ಕ್ರಿಸ್‌ಮಸ್ ಹೊತ್ತಿಗೆ ಕೆಲಸದವರನ್ನೆಲ್ಲ ಅವರವರ ಹೆಂಡಂದಿರ ಸಮೇತ ಊಟಕ್ಕೆ ಕರೆಯುತ್ತಾರೆ. ಹೆಂಡತಿ ಬಂದು ನೋಡುವಾಗ ತಮ್ಮ ಕೆಲಸ ಅರೆಬರೆ ಇರಬಾರದೆಂದು ಎಲ್ಲರೂ ಓಡಿ ಬಂದು ಮುಗಿಸುತ್ತಾರೆ. ನಮ್ಮಲ್ಲಿ ಗೃಹಪ್ರವೇಶದ ದಿನ ಮೇಸ್ತ್ರಿ, ಆಚಾರಿ, ಕೂಲಿಯವರನ್ನು ಕೂರಿಸಿ, ಪಂಚೆ, ಸೀರೆ, ತಾಂಬೂಲ ಕೊಟ್ಟು ಊಟ ಹಾಕುವ ಪದ್ಧತಿ ಇದೆಯಲ್ಲ, ಅದು ನಿಮ್ಮ ಮನೆಯಲ್ಲಿ ತಪ್ಪದಿರಲಿ. ಮೇಲ್ ಅವರ ಪುಸ್ತಕ ಹೆಸರಾದ ಮೇಲೆ ಓದುಗರು ಹಿಂಡುಹಿಂಡಾಗಿ ಆ ಮನೆ ಹುಡುಕಿಕೊಂಡು ಬಂದದ್ದೂ ಉಂಟು. ಮೊಬೈಲಿನಲ್ಲಿ ದಿನಕ್ಕೊಂದು ವಿಡಿಯೊ ಹಾಕುವ ಆಸೆ ಇರುವವರು ಇದನ್ನೂ ಗಮನಿಸಿ: ಪಕ್ಕದ ಮನೆಯವರು ಬಟ್ಟೆ ಒಗೆಯುವುದು, ಹಾಲು ಕರೆಯುವುದು ಅವರ ಬದುಕು. ಕೇಳದೆ ಚಿತ್ರ ತೆಗೆಯಬೇಡಿ.

ಕಾಂಪೌಂಡು ಹಾಕಿಸುವ ಮುನ್ನ ಹಿತ್ತಿಲಲ್ಲಿ ಕಾಲುಹಾದಿ ಇದೆಯೇ ನೋಡಿ. ದಾಖಲೆಯಲ್ಲಿ ಇರುವುದಿಲ್ಲ, ಆದರೆ ತೋಟಕ್ಕೆ, ಬಾವಿಗೆ, ಡೇರಿಗೆ ಹಾಲು ಒಯ್ಯಲು ಹಿಂದಿನ ಮೂರು ಮನೆಯವರು ಅದರಲ್ಲೇ ಓಡಾಡಿರುತ್ತಾರೆ. ಕುಣಿಗಲ್ ಕಡೆ ಒಂದು ಮನೆಯವರು ಬಂದ ತಿಂಗಳಲ್ಲೇ ಅಂಥ ಹಾದಿಗೆ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದರು. ಆಮೇಲೆ ಅವರ ಮನೆಗೆ ಕೆಲಸಕ್ಕೆ ಆಳು ಸಿಗಲಿಲ್ಲ, ಹಾವು ಹೊಕ್ಕ ರಾತ್ರಿ ಕೂಗಿದರೆ ಓಡಿ ಬರುವವರೂ ಇರಲಿಲ್ಲ. ಊರಿನವರದ್ದೂ ತಪ್ಪಿರಬಹುದು. ಗೇಟಿಗೆ ಬದಲು ಒಂದು ದಣಪೆ ಇಟ್ಟಿದ್ದರೆ ಇಬ್ಬರಿಗೂ ಸುಖವಿತ್ತು.

ಊರಿನಲ್ಲಿ ಸಾವಾದರೆ ಹೋಗಿ. ಕರೆಯಲು ಯಾರೂ ಬರುವುದಿಲ್ಲ, ತಿಳಿದ ಕೂಡಲೇ ಹೋಗಬೇಕು. ಗ್ರಾಮದೇವತೆಯ ಹಬ್ಬಕ್ಕೆ ವಂತಿಗೆ ಕೇಳಲು ಬಂದಾಗ ಎಲ್ಲರಷ್ಟೇ ಕೊಡಿ, ಹೆಚ್ಚು ಕೊಟ್ಟು ದೊಡ್ಡವರಾಗುವ ಅಗತ್ಯವಿಲ್ಲ. ಗ್ರಾಮಸಭೆಗೆ ಹೋಗಿ, ಮೊದಲ ಒಂದೆರಡು ಸಲ ಸುಮ್ಮನೆ ಕೂತು ಕೇಳಿ. ಮಕ್ಕಳಿದ್ದರೆ ಅವರಿಗೆ ಊರಿನವರನ್ನು ಅಜ್ಜ, ಅಕ್ಕ, ಮಾವ ಎಂದು ಕರೆಯಲು ಕಲಿಸಿ.

ಇನ್ನೊಂದು ಮಾತು ಇದೆ, ಹೇಳದೆ ಪತ್ರ ಪೂರ್ತಿಯಾಗುವುದಿಲ್ಲ. ಹಳೆಮನೆಗಳ ಜಗಲಿ, ಪಡಸಾಲೆ, ನಡುಮನೆಗಳನ್ನು ಹೊಗಳುವಾಗ ಅವುಗಳ ಲೆಕ್ಕಾಚಾರವನ್ನೂ ನೆನಪಿಡಬೇಕು. ಯಾರು ಬೀದಿಯಲ್ಲೇ ನಿಂತು ಮಾತಾಡಬೇಕು, ಯಾರು ಜಗಲಿಯವರೆಗೆ ಬರಬಹುದು, ಯಾರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂರಬಹುದು, ಯಾರಿಗೆ ನಡುಮನೆ ಎಂದು ಜಾತಿಯ ಮೇಲೆ ಗೆರೆ ಎಳೆದ ಮನೆಗಳಿವು. ಆ ಗೆರೆಗಳು ಎಷ್ಟೋ ಹಳ್ಳಿಗಳಲ್ಲಿ ಇನ್ನೂ ಅಳಿಸಿಲ್ಲ. ಗೋಡೆ ಕಟ್ಟಿದ, ಮಣ್ಣು ಹೊತ್ತ ಕೈಗಳು ಅನೇಕ ವೇಳೆ ಹೊಸ್ತಿಲ ಆಚೆಗೇ ಉಳಿದವು. ನೀವು ಓದಿದವರು, ನಗರ ಕಂಡವರು. ಕಲ್ಲು ಮಣ್ಣನ್ನು ಹಳೆಯದರಂತೆ ಉಳಿಸಿ, ಈ ಕಟ್ಟಳೆಯನ್ನು ಉಳಿಸಬೇಡಿ. ಊರಿನ ಎಲ್ಲ ಕೇರಿಯವರೂ ನಿಮ್ಮ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು, ಒಂದೇ ಬಗೆಯ ಲೋಟದಲ್ಲಿ ಕಾಫಿ ಕುಡಿಯಲಿ. ‘ನಮ್ಮ ತಾತನ ಕಾಲದಿಂದ ನಡೆದು ಬಂದದ್ದು’ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ, ಗೌರವದಿಂದಲೇ, ‘ಈ ಮನೆಯಲ್ಲಿ ಹಾಗೆ ನಡೆಯುವುದಿಲ್ಲ’ ಎನ್ನಿ. ಹೊಸಬರಿಗೆ ಇರುವ ಒಂದು ಅನುಕೂಲವೆಂದರೆ ಇದನ್ನು ಮೊದಲ ದಿನದಿಂದಲೇ ಮಾಡಬಹುದು.

ಕಾಗದಪತ್ರದ ಬಗ್ಗೆ ಚುಟುಕಾಗಿ. ಗ್ರಾಮಠಾಣಾದೊಳಗಿನ ಮನೆಗೆ ಪಂಚಾಯಿತಿಯಿಂದ ಇ-ಸ್ವತ್ತಿನ ಫಾರಂ 9 ಮತ್ತು 11 ಇರಬೇಕು. ಗುಬ್ಬಿ ಪಟ್ಟಣ ಪಂಚಾಯಿತಿ, ಕುಣಿಗಲ್ ಪುರಸಭೆ, ತುಮಕೂರು ಮಹಾನಗರ ಪಾಲಿಕೆ ವ್ಯಾಪ್ತಿಯಾದರೆ ಅಲ್ಲಲ್ಲಿನ ಖಾತೆ. ಎಷ್ಟೋ ಮನೆಗಳು ಇಂದಿಗೂ ಮುತ್ತಜ್ಜನ ಹೆಸರಿನಲ್ಲೇ ಇವೆ, ಪೌತಿ ಖಾತೆಯೇ ಆಗಿಲ್ಲ. ಕೊಳ್ಳುವವರು ಮಾರುವವರ ಅಣ್ಣತಮ್ಮಂದಿರ ಸಹಿ ಮಾತ್ರ ನೋಡಿ ತೃಪ್ತರಾಗಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಊರಿಗೆ ಮರಳಿದ ಮೊಮ್ಮಕ್ಕಳಿಗೂ ಇದೇ ಮಾತು: ಮದುವೆಯಾಗಿ ಹೋದ ಅತ್ತೆಯರನ್ನು, ಅಕ್ಕತಂಗಿಯರನ್ನು ಕೂರಿಸಿಕೊಂಡು ಮಾತು ಮುಗಿಸಿದ ಮೇಲೆಯೇ ಗುದ್ದಲಿ ಹಾಕಿ. ಅದು ಅವರು ಹುಟ್ಟಿದ ಮನೆಯೂ ಹೌದು. ಹಬ್ಬಕ್ಕೆ ಬಂದಾಗ ಉಳಿಯಲು ಅವರಿಗೊಂದು ಕೋಣೆ ಇಟ್ಟರೆ ಇನ್ನೂ ಚೆನ್ನ.

ಕಡೆಯದಾಗಿ ಕೆಲಸದವರ ವಿಷಯ. ಬೆಂಗಳೂರಿನಿಂದ ಗುತ್ತಿಗೆದಾರರ ತಂಡ ಕರೆತಂದರೆ ಕೆಲಸ ಬೇಗ ಮುಗಿಯಬಹುದು. ಅವರು ಹೋದ ಮೇಲೆ ಮೊದಲ ಮಳೆಗೆ ಸೋರಿದ ಸೂರಿಗೆ ಏಣಿ ಹಾಕುವವರು ಯಾರು? ಅದಕ್ಕೇ ಈ ಕೋರಿಕೆ: ಸುಣ್ಣ ಗೊತ್ತಿರುವ ಹಿರಿಯರೊಬ್ಬರನ್ನು ಹುಡುಕಿ, ಅವರಿಗೆ ಮೈಮುರಿಯುವ ಕೆಲಸ ಕೊಡದೆ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ, ಹೇಳಿಕೊಟ್ಟದ್ದಕ್ಕೆ ಮೇಸ್ತ್ರಿಯ ಪೂರ್ತಿ ಕೂಲಿ ಕೊಡಿ. ಅವರ ಕೈಕೆಳಗೆ ಅದೇ ಊರಿನ ಇಬ್ಬರು ಹುಡುಗರನ್ನೋ ಹುಡುಗಿಯರನ್ನೋ ಹಾಕಿ, ಕಲಿಯುವ ದಿನಗಳಿಗೂ ಕೂಲಿ ಕೊಡಿ. ಕೆಲಸ ನಡೆಯುವಾಗ ಪಕ್ಕದ ಹಳ್ಳಿಯಲ್ಲಿ ಹಳೆಮನೆ ಇರುವವರನ್ನು ಕರೆದು ತೋರಿಸಿ, ಎಷ್ಟು ಖರ್ಚಾಯಿತು, ಎಲ್ಲಿ ಕೆಟ್ಟಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಬೀಳಿಸಿ ತಾರಸಿ ಹಾಕಿಸೋಣ ಎಂದು ಸಾಲಕ್ಕೆ ಅರ್ಜಿ ಹಾಕಿ ಕೂತಿರುವ ಎಷ್ಟೋ ಮನೆಗಳವರು ಅದನ್ನು ನೋಡಿ ಇನ್ನೊಮ್ಮೆ ಯೋಚಿಸಿಯಾರು. ಬರುವ ಸಂಕ್ರಾಂತಿಗೆ ಕೆಲಸ ಹಿಡಿಯುವವರು ಸುಣ್ಣದ ಗುಂಡಿಯನ್ನು ದೀಪಾವಳಿ ಕಳೆದೊಡನೆ ತೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ಕಳಿಯಲು ಅಷ್ಟು ದಿನ ಬೇಕಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,

ಗುಬ್ಬಿ ಸೀಮೆಯ ಒಬ್ಬ ಬರಹಗಾರ
ತುಮಕೂರು